ಕಂಬದ ಸಂಖ್ಯೆಯ ಕೆಳಗಿನ ಗೆರೆ

ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನ ರೇಡಿಯೊ ಸುದ್ದಿಮನೆಯಲ್ಲಿ ಆ ವಾರ ನನ್ನ ಪಾಲಿಗೆ ಬಂದದ್ದು ಆಸ್ಟ್ರೇಲಿಯಾದ ಒಳನಾಡಿನ ಒಂದು ತಂತಿ ಠಾಣೆಯ ಚರಿತ್ರೆ. ನಾಲ್ಕು ನಿಮಿಷದ ಕಾರ್ಯಕ್ರಮ. ಕಲ್ಲಿನ ಕೆಲವು ಕೋಣೆಗಳು, ಒಂದು ಬಾವಿ, ಬೆರಳೆಣಿಕೆಯ ಜನ. ದೂರದಿಂದ ಬಂದ ಸಂಕೇತ ಅಲ್ಲಿಗೆ ಮುಟ್ಟುವಷ್ಟರಲ್ಲಿ ಕ್ಷೀಣಿಸಿರುತ್ತಿತ್ತು. ಅದನ್ನು ಕೇಳಿ ಬರೆದುಕೊಂಡು ಮುಂದಿನ ಠಾಣೆಗೆ ಮತ್ತೆ ಕೈಯಿಂದಲೇ ಬಡಿದು ಕಳುಹಿಸುವುದು ಅವರ ಕೆಲಸ. ಆ ಕೆಲಸವನ್ನು ಯಂತ್ರಗಳು ಮಾಡತೊಡಗಿದ ಮೇಲೆ ಜನ ಹೊರಟುಹೋದರು. ಈಗ ಗೋಡೆಗಳಷ್ಟೇ ಇವೆ.

ವಿಷಯ ಕೊಟ್ಟವರು ನಮ್ಮ ಮೇಲಿನ ಫ್ಲ್ಯಾಟಿನ ಇಂಗ್ಲಿಷ್ ಮಹಿಳೆ, ನಿವೃತ್ತ ನರ್ಸ್. ಅವರ ಮುತ್ತಜ್ಜ ಅಲ್ಲಿದ್ದರು. ಗಾಯಗೊಂಡ ಕೆಲಸಗಾರ ಇಂಥ ಸಂಖ್ಯೆಯ ತಂತಿ ಕಂಬದ ಬಳಿ ಇದ್ದಾನೆ, ಡಾಕ್ಟರನ್ನು ಕಳುಹಿಸಿ ಎಂಬ ಸಂದೇಶವನ್ನು ಮುಂದೆ ಕಳುಹಿಸಲು ಮರೆತರೆಂದು ಕೆಲಸ ಕಳೆದುಕೊಂಡು ಮ್ಯಾಂಚೆಸ್ಟರ್‌ಗೆ ಮರಳಿದರಂತೆ.

“ಮನೆಯಲ್ಲಿ ಯಾರಾದರೂ ಏನಾದರೂ ಮರೆತರೆ ಮುತ್ತಜ್ಜನದೇ ರಕ್ತ ಅನ್ನುತ್ತಿದ್ದರು. ನಿಮ್ಮ ಕಾರ್ಯಕ್ರಮವೂ ಅದನ್ನೇ ಹೇಳುತ್ತದೆಯೇ?” ಎಂದು ಅವರು ಕೇಳಿದರು.

ಅವರು ಕೊಟ್ಟ ದಾಖಲೆ ಪುಸ್ತಕದ ಪ್ರತಿಯಲ್ಲಿ ‘ಬಂದದ್ದು’ ಕಾಲಂನಲ್ಲಿ ಮುತ್ತಜ್ಜನ ಸಹಿ ಇತ್ತು. ‘ಕಳುಹಿಸಿದ್ದು’ ಖಾಲಿ. ನಾನು ‘ಮರೆತರು’ ಎಂದೇ ಬರೆದಿದ್ದೆ.

ಆಗ ಉಡುಪಿಯಿಂದ ಬಂದು ನಮ್ಮಲ್ಲಿದ್ದ ಮಾವ ಸರ್ವಿಸಿನುದ್ದಕ್ಕೂ ತಂತಿ ಕಚೇರಿಯಲ್ಲಿ ದುಡಿದವರು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಎಂತ ಮಾರಾಯ್ತಿ, ಖಾಲಿ ಉಂಟು ಅಂದ್ರೆ ಮರೆತದ್ದು ಅಂತಲಾ? ಕಂಬದ ನಂಬರಿನ ಕೆಳಗೆ ಗೆರೆ ನೋಡು. ಅಂಕಿ ಮೇಲೆ ಸಂಶಯ ಬಂದ್ರೆ ನಾವೂ ಹೀಗೇ ಎಳೀತಿದ್ದೆವು. ಕಳಿಸಿದವರನ್ನು ವಾಪಸ್ ಕೇಳಿ, ಉತ್ತರ ಬರುವವರೆಗೆ ಮುಂದೆ ಬಿಡುವ ಹಾಗಿಲ್ಲ. ತಪ್ಪು ಕಂಬಕ್ಕೆ ಡಾಕ್ಟರನ್ನು ಕಳಿಸಿ ಎಂತ ಪ್ರಯೋಜನ?”

“ಹಾಗಾದ್ರೆ ಮರೀಲಿಲ್ಲ ಅಂತ ಬರೀಲಾ?”

“ಅದು ನಂಗೆ ಹೇಗೆ ಗೊತ್ತು? ನಾನಿದ್ದೆನಾ ಅಲ್ಲಿ? ಗೆರೆ ಉಂಟು, ಅಷ್ಟು ಬರಿ.”

ಅಷ್ಟೇ ಬರೆದೆ. ಸಂಖ್ಯೆಯ ಕೆಳಗೆ ಗೆರೆಯಿದೆ. ಸಂಖ್ಯೆ ಸಂಶಯಾಸ್ಪದವಾದಾಗ ಹಾಗೆ ಗುರುತು ಹಾಕಿ ಕಾಯುವುದು ತಂತಿ ಕೆಲಸದವರಲ್ಲಿ ಇದ್ದ ಕ್ರಮ. ಸಂದೇಶ ಮುಂದೆ ಹೋಗದ ಕಾರಣ ಗೊತ್ತಿಲ್ಲ.

ಪ್ರಸಾರದ ಮರುದಿನ ಬೆಳಿಗ್ಗೆ ಮೇಲಿನ ಫ್ಲ್ಯಾಟಿನ ಆಕೆ ನಮ್ಮ ಬಾಗಿಲಿಗೆ ಬಂದರು.

“ಗೊತ್ತಿಲ್ಲ ಎಂದಿರಿ.”

“ಗೊತ್ತಿರುವುದು ಅಷ್ಟೇ.”

“ನಮ್ಮ ಮನೆಯಲ್ಲಿ ಅಷ್ಟನ್ನೂ ಯಾರೂ ಹೇಳಿರಲಿಲ್ಲ,” ಎಂದು ಕನ್ನಡಕ ಹಾಕಿಕೊಂಡು, ಆ ಗೆರೆ ಎಲ್ಲಿದೆಯೆಂದು ತೋರಿಸಲು ಮಾವನನ್ನು ಕೇಳಿದರು.