ಸುಟ್ಟೂರಿನ ಅಕ್ಕ

ಬನಹಟ್ಟಿಯ ನಮ್ಮ ಓಣಿಯಲ್ಲಿ ಕಸ್ತೂರೆವ್ವನ ಮನೆ ಯಾವುದೆಂದು ಕೇಳಿದರೆ ಜನ ಗೇಮಿನ ಅಂಗಡಿಯ ಕಡೆ ಕೈ ತೋರಿಸುತ್ತಾರೆ. ಮನೆ ಒಂದೇ, ದಾರಿ ಎರಡು. ಬೀದಿಗೆ ಮುಖ ಮಾಡಿದ ದೊಡ್ಡ ಖೋಲಿಯಲ್ಲಿ ಅವಳ ತಮ್ಮ ಚಿದಾನಂದ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದಾನೆ. ಪಕ್ಕದ ಸಂದಿಯಿಂದ ಹಿಂದಕ್ಕೆ ಹೋದರೆ ಕಸ್ತೂರೆವ್ವನ ಅಡುಗೆಮನೆ, ಸಣ್ಣ ಪಡಸಾಲೆ, ಅಲ್ಲಿ ಅವಳು ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುವ ರಾಟೆ. ಎರಡರ ನಡುವೆ ಒಂದು ಹಳೆಯ ಬಾಗಿಲಿದೆ. ನಾನು ಬರೆಯುತ್ತಿರುವುದು ಆ ಬಾಗಿಲು ಮುಚ್ಚಿಕೊಂಡಿದ್ದ ಕಾಲದ ಸಂಗತಿ. ಕೆಲವನ್ನು ನಾನೇ ನೋಡಿದ್ದೇನೆ. ನೋಡದೇ ಇದ್ದದ್ದನ್ನು ಚಿದಾನಂದನ ಹೆಂಡತಿ ರಾಜೇಶ್ವರಿಯಿಂದ ಕೇಳಿ ತಿಳಿದುಕೊಂಡಿದ್ದೇನೆ.

ಕಸ್ತೂರೆವ್ವ ಹುಟ್ಟಿದ್ದು ಇದೇ ಮನೆಯಲ್ಲಿ. ತಂದೆ ಶಿವಯೋಗೆಪ್ಪ ನೇಕಾರ. ಈಗ ಟಿವಿಗಳು ಇರುವ ಖೋಲಿಯಲ್ಲಿ ಆಗ ಅವನ ಪವರ್‌ಲೂಮ್ ಮಗ್ಗಗಳು ಓಡುತ್ತಿದ್ದವು. ಅವಳನ್ನು ಬಾಡಗಂಡಿಯ ಕಬ್ಬಿನ ಹೊಲದವರ ಮನೆಗೆ ಕೊಟ್ಟರು. ಅಲ್ಲಿ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲವಂತೆ. ಇಷ್ಟು ಸಪ್ಪಳವಿಲ್ಲದ ಮನೆಯಲ್ಲಿ ಹೇಗೆ ಮಲಗುತ್ತೀರಿ ಎಂದು ಕೇಳಿ ಅತ್ತೆಯಿಂದ ಬೈಸಿಕೊಂಡದ್ದನ್ನು ಈಗಲೂ ನಗುತ್ತ ಹೇಳುತ್ತಾಳೆ. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡ. ಅವಳು ತವರಿಗೆ ಮರಳಿದ ವರ್ಷವೇ ತಾಯಿಯೂ ಹೋದಳು. ಚಿದಾನಂದನನ್ನು ಇನ್ನೂ ಸಾಲೆಗೆ ಹಾಕಿರಲಿಲ್ಲ. ಅವನಿಗೆ ಉಣಿಸಿದ್ದು, ನೀರೆರೆದದ್ದು, ಹೊಡೆದದ್ದು ಎಲ್ಲ ಅಕ್ಕನೇ. ಒಂದು ಕೈ ರಾಟೆಯ ಮೇಲೆ, ಇನ್ನೊಂದು ಕೈ ತುತ್ತಿನ ಮೇಲೆ. ಅವನು ದೊಡ್ಡವನಾದದ್ದು ಹಾಗೆ.

ನಾಗರ ಪಂಚಮಿಯ ದಿನ ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ನಮ್ಮ ಕಡೆ ಮನೆಯವರ ಹೆಸರಿನಲ್ಲಿ ಒಂದೊಂದು ಪಾಲು ಎರೆಯುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಹೀಗೆ. ಕಸ್ತೂರೆವ್ವ ತಮ್ಮನ ಪುಟ್ಟ ಕೈ ಹಿಡಿದು ಎರೆಸುತ್ತಿದ್ದಳು. ಅವನ ಪಾಲು ಕೊನೆಗೆ. ಪ್ರತಿ ವರ್ಷವೂ ಅವನು ತುಟಿ ಮುಂದೆ ಮಾಡಿ, "ನನ್ನ ಪಾಲು ಸಣ್ಣದಾತು" ಎನ್ನುತ್ತಿದ್ದ. ಅವಳು ಬೈಯುತ್ತ ಇನ್ನೊಂದು ಸಲ ಎರೆಯುತ್ತಿದ್ದಳು. ಅವನಿಗೆ ಮೀಸೆ ಬಂದ ಮೇಲೂ, ಮದುವೆಯಾದ ಮೇಲೂ ಇದು ನಿಲ್ಲಲಿಲ್ಲ ಎಂದು ರಾಜೇಶ್ವರಿ ಹೇಳುತ್ತಾಳೆ. ಹೊಸ ಸೊಸೆಯಾಗಿ ಬಂದ ವರ್ಷ ಅದನ್ನು ಕೇಳಿ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳಂತೆ.

ನಿಂತದ್ದು ಮಗ್ಗ ಹೋದ ಮೇಲೆ. ಶಿವಯೋಗೆಪ್ಪ ತೀರಿಕೊಂಡ ನಂತರ ಮಗ್ಗ ನಡೆಸಲು ಕೆಲಸದವರು ಸಿಗದೆ ಚಿದಾನಂದ ಸೋತಿದ್ದ. ಕಸ್ತೂರೆವ್ವ ಗಲಗಲಿಗೆ, ಚಿಕ್ಕವ್ವನ ಮಗಳು ಶೇವಂತಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ತಿರುಗಿ ಬಂದು ಓಣಿಯ ತಿರುವಿನಲ್ಲೇ ನಿಂತಳು. ಊರ ತುಂಬ ಮಗ್ಗದ ಸಪ್ಪಳವಿದ್ದರೂ ಅವಳಿಗೆ ತಮ್ಮ ಮನೆಯ ಸಪ್ಪಳ ಬೇರೆ ಕೇಳುತ್ತಿತ್ತು. ಅದಿರಲಿಲ್ಲ. ಚಿದಾನಂದ ಅವಳನ್ನು ಕೇಳದೆ ಮಾರಿದ ಮಗ್ಗಗಳನ್ನು ಗುಜರಿಯವರು ಒಯ್ದಿದ್ದರು. ನೆಲದ ಕಲ್ಲಿನಲ್ಲಿ ಬೋಲ್ಟಿನ ತೂತುಗಳಷ್ಟೇ ಉಳಿದಿದ್ದವು. ಈಗಲೂ ಗೇಮಿನ ಅಂಗಡಿಯಲ್ಲಿ ಕುರ್ಚಿಯ ಕಾಲು ಆ ತೂತಿಗೆ ಇಳಿದು ಆಡುವವರು ಓಲಾಡುತ್ತಾರೆ.

ಅವಳು ಜಗಳ ಮಾಡಲಿಲ್ಲ. ನಡುವಿನ ಬಾಗಿಲು ಹಾಕಿದಳು, ಮಾತು ಬಿಟ್ಟಳು. ಆ ಕಡೆಯಿಂದ ಚಿದಾನಂದ ಅದೇ ಬಾಗಿಲ ಮೇಲೆ ಹಲಗೆ ಬಡಿದು ಅಂಗಡಿಯ ಎಲ್ಲಕ್ಕಿಂತ ದೊಡ್ಡ ಟಿವಿ ತೂಗುಹಾಕಿದ. ಬೇರೆ ಗೋಡೆಗಳಿಗೆ ಬಿಸಿಲು ಬೀಳುತ್ತದೆ ಎಂಬುದು ಅವನ ಕಾರಣ. ಪಂಚಮಿ ಬಂದಾಗ ಕಸ್ತೂರೆವ್ವ ಅವ್ವನ ಪಾಲಿಗೆ ನಿಲ್ಲಿಸಿ ಬಟ್ಟಲು ಕೆಳಗಿಟ್ಟಳು. ರಾಜೇಶ್ವರಿ ಅದನ್ನು ಗಂಡನಿಗೆ ಹೇಳಲಿಲ್ಲ. ಆದರೆ ಅವನು ಆ ಹೊತ್ತಿಗೆ ಟಿವಿಯ ಸದ್ದು ಸಣ್ಣಗೆ ಮಾಡಿ ಬಾಗಿಲ ಹತ್ತಿರ ನಿಂತಿದ್ದನ್ನು ನೋಡಿದ್ದಳು.

ಅದರ ಮುಂದಿನ ಚಳಿಗಾಲದಲ್ಲಿ ಗಂಟು ಸ್ವಲ್ಪ ಸಡಿಲಾಯಿತು. ಕಸ್ತೂರೆವ್ವ ಮಾದಲಿ ಮಾಡಿದವಳು ರಾಜೇಶ್ವರಿಯ ಕೈಯಲ್ಲಿ ಒಂದು ಡಬ್ಬಿ ಕಳಿಸಿದಳು. ಖಾಲಿ ಡಬ್ಬಿ ತಿರುಗಿ ಕೊಡಬಾರದೆಂದು ಚಿದಾನಂದ ತಾನೇ ಅದರಲ್ಲಿ ಸಕ್ಕರೆ ತುಂಬಿ ಕಳಿಸಿದ. ಆ ಸಕ್ಕರೆಯನ್ನು ಅವಳು ಚಹಕ್ಕೆ ಹಾಕಲಿಲ್ಲ. ಗೋಡೆಯ ಮಾಡದಲ್ಲಿ ಎತ್ತಿಟ್ಟಳು.

ಅಷ್ಟರಲ್ಲಿ ಅಂಗಡಿಗೆ ಹೊಸ ಆಟ ಬಂತು.

ಆಟದ ಹೆಸರು ಇಂಗ್ಲಿಷಿನಲ್ಲಿ ಉದ್ದವಾಗಿದೆ. ಅದರಲ್ಲಿ ಸುಟ್ಟುಹೋದ ಒಂದು ಊರು ಇರುವುದರಿಂದ ನಮ್ಮ ಕಡೆಯವರು ಅದಕ್ಕೆ 'ಸುಟ್ಟೂರು' ಎಂದೇ ಹೆಸರಿಟ್ಟರು. ಕತ್ತಲು, ಬೂದಿ, ಮುರಿದ ಗೋಡೆಗಳು. ಕತ್ತಿ ಹಿಡಿದ ಒಬ್ಬ ಹೆಂಗಸು ಆ ಬೀದಿಗಳಲ್ಲಿ ನಡೆಯುತ್ತಾಳೆ. ಕೊನೆಗೆ ಬೆಂಕಿ ಉಗುಳುವ ಡ್ರ್ಯಾಗನ್ ಎದುರಾಗುತ್ತದೆ. ಅದಕ್ಕೆ ರೆಕ್ಕೆಗಳಿದ್ದರೂ ಹುಡುಗರು ಹಾವು ಎನ್ನುತ್ತಾರೆ. ಆ ಹೆಂಗಸಿಗೆ ಅಕ್ಕ ಎನ್ನುತ್ತಾರೆ. ಆಟ ಬಹಳ ಕಠಿಣ, ಅಕ್ಕ ಮೇಲಿಂದ ಮೇಲೆ ಸಾಯುತ್ತಾಳೆ. ಸತ್ತಾಗಲೆಲ್ಲ ಅಂಗಡಿಯಲ್ಲಿದ್ದವರು ಒಟ್ಟಿಗೆ, "ಅಕ್ಕ ಸತ್ಲಲೇ" ಎಂದು ಕೂಗುತ್ತಾರೆ.

ಟಿವಿ ಇದ್ದದ್ದು ಬಾಗಿಲ ಮೇಲೆ. ಬಾಗಿಲ ಆ ಕಡೆ ಕಸ್ತೂರೆವ್ವನ ಒಲೆ.

ಅವಳು ರೊಟ್ಟಿ ಬಡಿಯುವಾಗ ಕೇಳಿತು, "ಅಕ್ಕ ಸತ್ಲು." ಕಂಡಿಕೆ ಸುತ್ತುವಾಗ ಕೇಳಿತು, "ಈ ಅಕ್ಕ ಯಾವ ಕೆಲಸಕ್ಕೂ ಬರೂದಿಲ್ಲ." ಮೊದಲು ತನಗಲ್ಲ ಎಂದುಕೊಂಡಳು. ಆಮೇಲೆ ನಗು ಕೇಳಿತು, ಆ ನಗುವಿನಲ್ಲಿ ತಮ್ಮನ ನಗುವೂ ಇತ್ತು. ಯಾರನ್ನೂ ಕೇಳಲು ಮನಸ್ಸಾಗಲಿಲ್ಲ. ಒಂದು ದಿನ ರಾಜೇಶ್ವರಿಗೆ, "ಪಂಚಮಿ ಮುಗದ ಮ್ಯಾಲ ನಾ ಗಲಗಲಿಗೆ ಹೊಕ್ಕೇನಿ. ಶೇವಂತಿ ಬಾ ಅಂದಾಳ," ಎಂದಳು.

"ಎಷ್ಟ ದಿನಕ್ಕ ಅಕ್ಕಾರ?"

"ರಾಟಿ ಒಯ್ಯಾಕತ್ತೇನಿ. ತಿಳ್ಕೊ."

ರಾಜೇಶ್ವರಿ ಇದು ಮಗ್ಗದ ಸಿಟ್ಟೇ ಎಂದುಕೊಂಡಳು. ಗಂಡನಿಗೆ ಹೇಳಿದಳು. ಅವನು ಅಂಗಡಿಯ ಕುರ್ಚಿಗಳನ್ನು ಒರೆಸುತ್ತ ಕುಳಿತ. ಅಕ್ಕನನ್ನು ತಡೆಯಲು ಯಾವ ಮುಖ ಇಟ್ಟುಕೊಂಡು ಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ.

ಪಂಚಮಿಯ ದಿನ ಮಗ್ಗಗಳಿಗೆ ರಜೆ. ಓಣಿಯಲ್ಲಿ ಸಪ್ಪಳವಿರಲಿಲ್ಲ, ಆದ್ದರಿಂದ ಬಾಗಿಲ ಆ ಕಡೆಯ ಮಾತು ಎಂದಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು. ಅಂಗಡಿ ತುಂಬಿತ್ತು. ಮಗ್ಗದ ಕೆಲಸದ ಗುರುಪಾದ ಆಟದ ಕೊನೆಯ ಹಾವಿನ ತನಕ ಬಂದಿದ್ದ. ಅದನ್ನು ನೋಡಲು ನಾವೆಲ್ಲ ಸೇರಿದ್ದೆವು. ಪಡಸಾಲೆಯಲ್ಲಿ ರಾಟೆಗೆ ಹಗ್ಗ ಸುತ್ತಿ ಇಟ್ಟಿತ್ತು. ಪಕ್ಕದಲ್ಲಿ ಬಟ್ಟೆಯ ಗಂಟು. ಕಸ್ತೂರೆವ್ವ ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು ನಾಗಪ್ಪನ ಮುಂದೆ ಕುಳಿತಿದ್ದಳು. ದೇವರ ಪಾಲು ಆಯಿತು, ಗುರುವಿನ ಪಾಲು ಆಯಿತು, ಅಪ್ಪನದು, ಅವ್ವನದು.

ಆಗ ಅಂಗಡಿಯಲ್ಲಿ ಅಮೋಲ ಎಂಬವನು, "ಇವತ್ತ ಒಂದ ಹಾವು ಸಾಯಬೇಕು, ಇಲ್ಲಾ ಅಕ್ಕ ಸಾಯಬೇಕು ನೋಡಲೇ," ಎಂದ.

"ಅಕಿಗೆ ಸತ್ತ ಸತ್ತ ರೂಢಿ ಆಗೇತಿ ಬಿಡು," ಎಂದ ಗುರುಪಾದ.

ಚಿದಾನಂದ ದುಡ್ಡಿನ ಗಲ್ಲೆಯ ಹಿಂದಿನಿಂದ, "ಸಾಯ್ಲಿ ಬಿಡ್ರಿ. ಎಲ್ಲಿ ಹೊಕ್ಕಾಳ, ಮತ್ತ ಇಲ್ಲೇ ಎದ್ದ ಬರ್ತಾಳ," ಎಂದ.

ಎಲ್ಲರೂ ನಕ್ಕೆವು.

ಸ್ವಲ್ಪ ಹೊತ್ತಿಗೆ ಬೀದಿಯ ಬಾಗಿಲಲ್ಲಿ ಕಸ್ತೂರೆವ್ವ ನಿಂತಿದ್ದಳು. ಮಗ್ಗ ಹೋದ ಮೇಲೆ ಅವಳು ಆ ಖೋಲಿಗೆ ಕಾಲಿಟ್ಟಿರಲಿಲ್ಲ. ಕೈಯಲ್ಲಿ ಕೊಬ್ಬರಿ ಬಟ್ಟಲು ಹಾಗೆಯೇ ಇತ್ತು. ಗುರುಪಾದ ಆಟ ನಿಲ್ಲಿಸಿದ. ಕುರ್ಚಿಯಲ್ಲಿದ್ದವರು ಎದ್ದು ನಿಂತರು.

"ಚಿದ್ಯಾ, ನಾ ಸತ್ರ ನಿನಗ ಛಲೋ ಆಕ್ಕೈತೇನು?" ಎಂದು ಕೇಳಿದಳು. ದನಿ ಏರಿರಲಿಲ್ಲ.

"ಏನಂತೀ ಅಕ್ಕಾ?"

"ಯಾವಾಗಿಂದ ಕೇಳಾಕತ್ತೇನಿ. ಅಕ್ಕ ಸತ್ಲು, ಅಕ್ಕ ಸತ್ಲು. ಮಂದಿ ಮಕ್ಕಳು ಅಂದ್ರ ಅನ್ಲಿ. ಇವತ್ತ ನಿನ್ನ ಬಾಯಾಗ ಕೇಳಿದೆ. ಹಬ್ಬದ ದಿನ."

ಚಿದಾನಂದನಿಗೆ ಏನೂ ಅರ್ಥವಾಗಲಿಲ್ಲ. ಮೊದಲು ತಿಳಿದದ್ದು ಗುರುಪಾದನಿಗೆ. ಅವನು ರಿಮೋಟಿನಿಂದ ಟಿವಿಯ ಕಡೆ ತೋರಿಸಿ, "ಕಸ್ತೂರವ್ವಾರ, ಅಕ್ಕ ಅಂದ್ರ ಇಕೀರಿ," ಎಂದ.

"ನಿಮಗ ಹಂಗ ಅಂದಿದ್ರ ನಮ್ಮವ್ವ ನನ್ನ ಕಾಲ ಮುರದ ಕೈಯಾಗ ಕೊಡ್ತಿದ್ಲರಿ," ಎಂದ ಅಮೋಲ.

ಕಸ್ತೂರೆವ್ವ ಟಿವಿಯನ್ನು ನೋಡಿದಳು. ಮೈಮೇಲಿನ ಕವಚ ಹರಿದು, ಕೂದಲಿಗೆ ಬೂದಿ ಮೆತ್ತಿಕೊಂಡ ಹೆಂಗಸು ಕತ್ತಿಯನ್ನು ನೆಲದ ಮೇಲೆ ಎಳೆದುಕೊಂಡು ನಿಂತಿದ್ದಳು. ಎದುರಿಗೆ ಬೆಟ್ಟದಷ್ಟು ದೊಡ್ಡ ಹಾವು ಸುತ್ತಿಕೊಂಡು ಮಲಗಿತ್ತು. ಅವಳು ಬಹಳ ಹೊತ್ತು ನೋಡಿದಳು. ಅಮೋಲ ಕುರ್ಚಿ ಸರಿಸಿದ, ಕೂತಳು.

"ಇಕಿ ಯಾರಿಗೆ ಅಕ್ಕ?"

"ಆ ಹಾವಿಗೆ ರೀ," ಎಂದ ಗುರುಪಾದ.

"ಹಾವಿಗೆ ಅಕ್ಕನಾ?"

ಗುರುಪಾದ ಚಿದಾನಂದನ ಮುಖ ನೋಡಿದ. ಕಥೆ ಚೆನ್ನಾಗಿ ಗೊತ್ತಿದ್ದದ್ದು ಅವನಿಗೇ. ಚಿದಾನಂದ ಹೇಳತೊಡಗಿದ. ಅಕ್ಕನೊಡನೆ ಅವನು ಅಷ್ಟು ಉದ್ದ ಮಾತಾಡಿ ಎಷ್ಟೋ ಕಾಲವಾಗಿತ್ತು.

"ಊರಿಗೆ ನೀರ ಇರಲಿಲ್ಲ. ಗುಡ್ಡದ ಬುಡಕ ಒಂದ ಬುಗ್ಗಿ ಇತ್ತು, ಅದಕ್ಕ ಶಾಪ. ಯಾರ ಮೊದಲ ಕುಡಿತಾರ, ಅವರು ಹಾವ ಆಗ್ತಾರ. ಆಮ್ಯಾಲ ಉಳದವರಿಗೆ ನೀರ ಸಿಗತೈತಿ. ಇಕಿ ತಮ್ಮ ಕುಡದ. ಊರ ಮಂದಿ ನೀರ ತುಂಬಕೊಂಡ್ರು, ಅಗಸಿ ಬಾಗಲಾ ಹಾಕ್ಕೊಂಡ್ರು. ಅಂವಾ ಹೊರಗ ಉಳದ. ಸಿಟ್ಟಿಗೆದ್ದ ಊರಽ ಸುಟ್ಟ."

"ಅಕ್ಕ ಎಲ್ಲಿದ್ಲು?"

ಚಿದಾನಂದ ನೆಲದ ಕಲ್ಲಿನ ತೂತು ನೋಡುತ್ತ ಹೇಳಿದ, "ಅಕ್ಕ ಊರಾಗ ಇರಲಿಲ್ಲ. ಬ್ಯಾರೆ ಊರಿಗೆ ಹೋಗಿದ್ಲು. ತಿರುಗಿ ಬರೂದರಾಗ ಎಲ್ಲಾ ಮುಗದಿತ್ತು."

"ಅಕ್ಕ ಬರೂತನಾ ಕಾಯಬೇಕಿತ್ತಲ್ಲ."

"ಕಾದಿದ್ರ ಅಕ್ಕ ಬ್ಯಾಡ ಅಂತಿದ್ಲು."

"ಅಂತಿದ್ಲು. ಆದ್ರೂ ಕೇಳಬೇಕಿತ್ತು."

"ಹೌದು," ಎಂದ ಚಿದಾನಂದ. "ಕೇಳಬೇಕಿತ್ತು."

ನಾವೆಲ್ಲ ಟಿವಿಯನ್ನೇ ನೋಡುತ್ತಿದ್ದೆವು. ಅದರಲ್ಲಿ ಏನೂ ನಡೆಯುತ್ತಿರಲಿಲ್ಲ.

ಕಸ್ತೂರೆವ್ವ ಗುರುಪಾದನಿಗೆ, "ಪಂಚಮಿ ದಿನ ಹಾವಿಗೆ ಕತ್ತಿ ಎತ್ತಬ್ಯಾಡೋ ತಮ್ಮಾ," ಎಂದಳು.

"ಎತ್ತಲಿಲ್ಲ ಅಂದ್ರ ಅದಽ ಸುಡತೈತ್ರಿ."

"ಅಕಿ ನಡಕ್ಕ ಕಟ್ಟಿದ ಬಾಟ್ಲಿ ಏನದು? ಬೆಳ್ಳಗ ಐತಿ."

"ನಾವು ಹಾಲು ಅಂತೀವ್ರಿ. ಕುಡದ್ರ ಅಕ್ಕಗ ಜೀವ ಬರತೈತಿ. ಇದೊಂದಽ ಉಳದೈತಿ."

"ಅದನ್ನ ಹಾವಿಗೆ ಎರಿ."

"ಅದು ಹಾಲ ಕುಡಿಯೂ ಪೈಕಿ ಅಲ್ರಿ ಅವ್ವಾರ," ಎಂದು ಅಮೋಲ ನಕ್ಕ. ಬೇರೆ ಯಾರೂ ನಗದೇ ಇದ್ದದ್ದರಿಂದ ಅರ್ಧಕ್ಕೆ ನಿಲ್ಲಿಸಿದ.

"ಎರಿಯಾಕ ಬರತೈತೋ ಇಲ್ಲೋ?"

"ಚೆಲ್ಲಾಕ ಬರತೈತ್ರಿ. ಆದ್ರ ಯಾರ ಚೆಲ್ತಾರ್ರಿ?" ಗುರುಪಾದ ಅಲ್ಲಿಗೆ ಬರಲು ಬಹಳ ದಿನ ಆಡಿದ್ದ. ಪಾಪ, ಅವನ ಮುಖ ಸಣ್ಣದಾಗಿತ್ತು.

"ಚೆಲ್ಲು ಗುರ್ಯಾ," ಎಂದ ಚಿದಾನಂದ.

ಗುರುಪಾದ ಅಕ್ಕನನ್ನು ನಿಧಾನವಾಗಿ ಮುಂದೆ ನಡೆಸಿದ. ಕತ್ತಿಯನ್ನು ಒರೆಗೆ ಸೇರಿಸಿದ. ಹಾವು ಕಣ್ಣು ತೆರೆದು ತಲೆ ಎತ್ತಿತು. ಅಕ್ಕ ಬಾಟ್ಲಿಯನ್ನು ಬಗ್ಗಿಸಿದಳು. ಬೂದಿಯ ಮೇಲೆ ಬಿಳಿಯ ಗೆರೆ ಹರಿಯಿತು.

ಆಗ ಕಸ್ತೂರೆವ್ವನ ಬಾಯಿ ತಾನಾಗಿ ಆಡತೊಡಗಿತು. ಎಷ್ಟೋ ವರ್ಷದ ರೂಢಿ. "ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು." ಕೈಯಲ್ಲಿನ ಕೊಬ್ಬರಿ ಬಟ್ಟಲೂ ಬಾಗಿತ್ತು, ಹಾಲು ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳ ಕಣ್ಣು ಟಿವಿಯ ಮೇಲಿತ್ತು. ನಿಲ್ಲಿಸಬೇಕಾದಲ್ಲಿ ನಿಲ್ಲಿಸಲಿಲ್ಲ. "ನಮ್ಮ ಚಿದ್ಯಾನ ಪಾಲು," ಎಂದಳು.

ಹಾವು ಬಾಯಿ ತೆರೆಯಿತು. ಬೆಂಕಿ ಬಂತು. ಟಿವಿ ಪೂರ್ತಿ ಕಪ್ಪಾಯಿತು.

ಅಂಗಡಿಯಲ್ಲಿ ಅಷ್ಟು ಜನರಿದ್ದೆವು, ಒಬ್ಬರೂ ಕೂಗಲಿಲ್ಲ.

"ಸತ್ಲೇನು?" ಎಂದು ಕಸ್ತೂರೆವ್ವನೇ ಕೇಳಿದಳು.

"ಇಲ್ಲ ಅಕ್ಕಾ. ಹಿಂದ ಒಂದ ಗುಡಿ ಐತಿ. ಅಲ್ಲೆ ಎದ್ದ ಕುಂದರ್ತಾಳ. ಮತ್ತ ಬರ್ತಾಳ."

"ಹಂಗಾರ ಬರ್ಲಿ," ಎಂದು ಅವಳು ಎದ್ದಳು. ಆಗ ನೆಲದ ಮೇಲಿನ ಹಾಲು ಅವಳಿಗೆ ಕಂಡಿತು. ತಾನು ಏನು ಅಂದೆ ಎಂಬುದೂ ಆಗಲೇ ತಿಳಿದಿರಬೇಕು, ಸೆರಗು ಎಳೆದುಕೊಂಡಳು.

ಚಿದಾನಂದ ಗಲ್ಲೆಯಿಂದ ಹೊರಗೆ ಬಂದಿದ್ದ. ಅವನೂ ಆ ಹನಿಗಳನ್ನೇ ನೋಡುತ್ತಿದ್ದ. ತಲೆಗೂದಲು ನರೆತ ಆ ಮನುಷ್ಯ ನಮ್ಮೆಲ್ಲರ ಮುಂದೆ ಸಣ್ಣ ದನಿಯಲ್ಲಿ ಹೇಳಿದ, "ನನ್ನ ಪಾಲು ಸಣ್ಣದಾತು ಅಕ್ಕಾ."

ಕಸ್ತೂರೆವ್ವ ಬಟ್ಟಲಿನೊಳಗೆ ಇಣುಕಿದಳು. ಆಮೇಲೆ, "ನಾಗಪ್ಪ ಒಳಗ ಅದಾನ. ಇಲ್ಲಿ ನಿಂತ ಅತ್ತರ ಏನ ಬಂತು? ಅದನ್ನ ತಗಿ, ಒಳಗ ಬಾ," ಎಂದು ಬಾಗಿಲ ಮೇಲಿನ ಟಿವಿ ತೋರಿಸಿದಳು.

ತಾನು ಮಾತ್ರ ಬೀದಿ ಸುತ್ತಿಕೊಂಡೇ ಹೋದಳು. ಒಳಗಿನಿಂದ ಅಗುಳಿ ತೆಗೆಯಬೇಕಿತ್ತಲ್ಲ. ಗುರುಪಾದ ಮತ್ತು ಅಮೋಲ ಟಿವಿ ಹಿಡಿದರು, ಚಿದಾನಂದ ಹಲಗೆಯ ಮೊಳೆ ಕಿತ್ತ. ಬಾಗಿಲು ಉಬ್ಬಿಕೊಂಡಿತ್ತು, ಆ ಕಡೆಯಿಂದ ಅಕ್ಕ ಎಳೆದಳು, ಈ ಕಡೆಯಿಂದ ತಮ್ಮ ತಳ್ಳಿದ. ತೆರೆದಾಗ ಎದುರಿಗೇ ಹಗ್ಗ ಸುತ್ತಿದ ರಾಟೆ ಕಂಡಿತು. ರಾಜೇಶ್ವರಿ ಯಾರ ಅಪ್ಪಣೆಯನ್ನೂ ಕೇಳದೆ ಹಗ್ಗ ಬಿಚ್ಚತೊಡಗಿದಳು. ಕಸ್ತೂರೆವ್ವ ನೋಡಿದಳು, ಬೇಡ ಎನ್ನಲಿಲ್ಲ.

ಈಗ ದೊಡ್ಡ ಟಿವಿ ಮೂಡಣ ಗೋಡೆಗಿದೆ. ಮಧ್ಯಾಹ್ನ ಬಿಸಿಲು ಬಿದ್ದು ಏನೂ ಕಾಣುವುದಿಲ್ಲ ಎಂದು ಆಡುವವರು ಗೊಣಗುತ್ತಾರೆ. ಮಗ್ಗದ ಮಾತು ಬಂದರೆ ಕಸ್ತೂರೆವ್ವನ ಮುಖ ಈಗಲೂ ಗಂಟಾಗುತ್ತದೆ. ಹಾವನ್ನು ಗುರುಪಾದ ಮುಂದೆ ಒಂದು ದಿನ ಕೊಂದ. ಅವಳಿಗೆ ಅದನ್ನು ಯಾರೂ ಹೇಳಿಲ್ಲ. ಬೇರೆಯವರು ಇನ್ನೂ ಆಡುತ್ತಲೇ ಇದ್ದಾರೆ. ತೆರೆದ ಬಾಗಿಲಿನಿಂದ ರಾಟೆಯ ಸಪ್ಪಳ ಅಂಗಡಿಗೆ ಬರುತ್ತದೆ, ಅಂಗಡಿಯ ಕೂಗು ಒಳಗೆ ಹೋಗುತ್ತದೆ.

"ಅಕ್ಕ ಸತ್ಲಲೇ."

ರಾಟೆ ನಿಲ್ಲಿಸದೆಯೇ ಕಸ್ತೂರೆವ್ವ ಒಳಗಿನಿಂದ ಹೇಳುತ್ತಾಳೆ, "ಎಬ್ಬಸ್ರಿ."