ಅಮ್ಮ ಕರೆದರೂ ಓಗೊಡಬಾರದು

ಹೋದ ಶನಿವಾರ ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದರು. ಗ್ಯಾರೇಜಿನಲ್ಲಿ ಮಾರಾಟಕ್ಕಿಟ್ಟ ಸಾಮಾನುಗಳ ನಡುವೆ ಮರದ ಹಳೆಯ ಬೀರು ಒಂದಿತ್ತು. ಕೊಳ್ಳುವ ಉದ್ದೇಶವಿರಲಿಲ್ಲ, ಸುಮ್ಮನೆ ಬಾಗಿಲು ತೆಗೆದೆ. ಜೇನುಮೇಣದ ಪಾಲಿಶ್ ಮತ್ತು ಹಳೆಯ ಬಟ್ಟೆ ಬೆರೆತ ವಾಸನೆ ಮುಖಕ್ಕೆ ಬಡಿಯಿತು. ಟೆಕ್ಸಸ್‌ನ ಆಗಸ್ಟ್ ಬಿಸಿಲಲ್ಲಿ ಯಾರಿಗೂ ಚಳಿಯಾಗುವುದಿಲ್ಲ. ನನಗಾಯಿತು. ಬಾಗಿಲು ಮುಚ್ಚಿ, ಮಾರುವವನ ಮುಖವನ್ನೂ ನೋಡದೆ ಬಂದುಬಿಟ್ಟೆ.

ಆ ವಾಸನೆ ಇಂಗ್ಲೆಂಡಿನ ಒಂದು ಹಳ್ಳಿಯದು. ನಾನು ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹುಕಾಲ ಕೂತವನು. ವರದಿಯಲ್ಲಿ ‘ಭಯಾನಕ’ ಎಂಬ ಪದ ಕಂಡರೆ ಹೊಡೆದುಹಾಕಿ, ‘ಏನಾಯಿತು ಅಷ್ಟು ಹೇಳಿ’ ಎಂದು ವರದಿಗಾರರನ್ನು ಗೋಳುಹೊಯ್ದುಕೊಂಡವನು. ಆದ್ದರಿಂದ ಏನಾಯಿತು, ಅಷ್ಟನ್ನೇ ಹೇಳುತ್ತೇನೆ.

ನನ್ನ ಹೆಂಡತಿ ವಸುಧಾಳ ಅಕ್ಕ ಶಕುಂತಲಾ ಆ ಹಳ್ಳಿಯಲ್ಲಿ ಡಾಕ್ಟರು. ಅರ್ಧ ಆಯುಷ್ಯವನ್ನು ಅಲ್ಲಿಯೇ ಕಳೆದರೂ ಅವರ ಮಾತು ಧಾರವಾಡ ಬಿಟ್ಟು ಕದಲಿಲ್ಲ. ಮೂರು ವರ್ಷದ ಹಿಂದೆ ಬೇಸಿಗೆ ರಜೆಗೆ ನಾವು ಅವರಲ್ಲಿಗೆ ಹೋದೆವು. ಮಗಳು ನಿಧಿಗೆ ಆಗ ಏಳು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿ ಬೆಳೆಯುವ ನಮ್ಮವರ ಮಕ್ಕಳೆಲ್ಲರ ಹಾಗೆ.

ಬೆಳಿಗ್ಗೆ ಜಮೀನುದಾರರ ಹಳೆಯ ಬಂಗಲೆ ನೋಡಿದೆವು. ಒಂದು ಕಾಲದಲ್ಲಿ ಆ ದೇಶದಲ್ಲಿ ಅರಸರ ಪಂಥಕ್ಕೆ ಸೇರದ ಪಾದ್ರಿಗಳನ್ನು ಹುಡುಕಿ ಹಿಡಿದು ಕೊಲ್ಲುತ್ತಿದ್ದರಂತೆ. ಅವರನ್ನು ಅಡಗಿಸಲು ಗೋಡೆಯೊಳಗೆ ಮಾಡಿದ ಗೂಡನ್ನು ತೋರಿಸಿದರು. ಮನುಷ್ಯ ಕಾಲು ಮಡಚಿ ಕೂರುವಷ್ಟು ಜಾಗ. ನಿಧಿ ಒಳಗೆ ಇಣುಕಿ, ಬಂಗಲೆ ತೋರಿಸುತ್ತ ಕತೆ ಹೇಳುತ್ತಿದ್ದ ಮುದುಕಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು: “ಹೊರಗೆ ಬರಬಹುದು ಅಂತ ಅವರಿಗೆ ಹೇಗೆ ಗೊತ್ತಾಗ್ತಿತ್ತು?”

ಆಕೆ ನಕ್ಕರು. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ತನಗೂ ಗೊತ್ತಿಲ್ಲ ಎಂದರು. ಮಗಳು ಜಾಣೆ ಎಂದು ನಾವು ಬೀಗಿದೆವು.

ಅಲ್ಲಿಂದ ಊರಿನ ಚರ್ಚಿಗೆ ಗೋಧಿ ಹೊಲದ ನಡುವೆ ಕಾಲುದಾರಿ. ಆ ದೇಶದಲ್ಲಿ ಇಂಥ ದಾರಿಗಳು ಯಾರದೋ ಹೊಲದಲ್ಲಿ, ಒಮ್ಮೊಮ್ಮೆ ಯಾರದೋ ಅಂಗಳದಲ್ಲೇ ಹಾದುಹೋಗುತ್ತವೆ. ಯಾರು ಬೇಕಾದರೂ ನಡೆಯಬಹುದು. ಟೆಕ್ಸಸ್‌ನಿಂದ ಹೋದವರಿಗೆ ಇದು ಜೀರ್ಣವಾಗುವ ಸಂಗತಿಯಲ್ಲ. ನಮ್ಮಲ್ಲಿ ಬೇಲಿಗೂಟಕ್ಕೆ ನೇರಳೆ ಬಣ್ಣ ಬಳಿದಿದ್ದರೆ ಒಳಗೆ ಕಾಲಿಡಬಾರದು ಎಂದು ಅರ್ಥ. ಇಟ್ಟರೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ಗೇಟಿನ ಮುಂದೆ ನಿಂತು ಗೂಟಗಳ ಬಣ್ಣ ನೋಡತೊಡಗಿದೆ.

“ಬೇಡ ಅಕ್ಕ, ಯಾರದೋ ಹೊಲ. ಓನರ್ ಬಂದ್ರೆ?”

“ಬಂದ್ರ ಗುಡ್ ಮಾರ್ನಿಂಗ್ ಅಂತಾನ್ರಿ, ನೀವೂ ಅನ್ರಿ. ಅಲ್ಲಾ, ಟೆಕ್ಸಸ್‌ನಾಗ ನೀವು ಕಾರು ಬಿಟ್ಟು ಇಳಿಯೂದ ಇಲ್ಲೇನು?”

“ಇಳೀತೀವಲ್ಲಾ,” ಎಂದಳು ವಸುಧಾ, “ಪಾರ್ಕಿಂಗ್ ಲಾಟ್‌ನಾಗ.”

ನಿಧಿ ಮುಂದೆ ಓಡುತ್ತಿದ್ದಳು. ಗೋಧಿ ಅವಳ ಎದೆಯ ಮಟ್ಟಕ್ಕಿತ್ತು. ಚರ್ಚಿನ ಗೋಪುರ ಹತ್ತಿರ ಬಂತು ಅನ್ನುವಾಗ ಪಕ್ಕದಲ್ಲೇ ಗುಂಡು ಹಾರಿದ ಸದ್ದು.

ನಾನು ಗೋಧಿಯೊಳಗೆ ಬೋರಲು ಬಿದ್ದೆ. ಯಾರನ್ನೂ ರಕ್ಷಿಸಲು ಹೋಗಲಿಲ್ಲ, ಬಿದ್ದೆ ಅಷ್ಟೆ. ತಲೆಯೆತ್ತಿದಾಗ ಶಕುಂತಲಕ್ಕ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದರು.

“ಏಳ್ರಿ, ಏಳ್ರಿ! ಹಕ್ಕಿ ಓಡಸೋ ಮಶೀನ್ ಅದು. ಗ್ಯಾಸ್‌ನಾಗ ತಾನಽ ಹೊಡೀತದ.” ಆಮೇಲೆ ಅವರ ನಗು ನಿಂತಿತು. “ಕೂಸೆಲ್ಲಿ?”

ದಾರಿಯ ಮೇಲೆ ನಿಧಿ ಇರಲಿಲ್ಲ.

ಗಾಳಿಗೆ ಇಡೀ ಹೊಲ ಅಲುಗುತ್ತಿತ್ತು. ಮಗು ಹೋದ ಜಾಗ ಯಾವುದು, ಗಾಳಿ ಹೋದ ಜಾಗ ಯಾವುದು ಗೊತ್ತಾಗುತ್ತಿರಲಿಲ್ಲ. ಹೊಲದಾಚೆ ಒಂದು ಕೆರೆ, ಈಚೆ ಕಾರುಗಳು ಓಡುವ ರಸ್ತೆ. “ನಿಧಿ! ಇಟ್ಸ್ ಓಕೆ! ಇಟ್ಸ್ ಸೇಫ್! ಕಮ್ ಔಟ್!” ಎಂದು ಕೂಗಿದೆವು. ಗಾಬರಿಯಾದಾಗ ಮಗಳ ಜೊತೆ ನಮಗೆ ಇಂಗ್ಲಿಷೇ ಬರುತ್ತದೆ. ಯಂತ್ರ ಮತ್ತೆ ಸಿಡಿಯಿತು. ಕಾಗೆಗಳು ಎದ್ದು ಮತ್ತೆ ಕೂತವು. ಬೇರೆ ಉತ್ತರವಿರಲಿಲ್ಲ.

ವಸುಧಾ ಕೂಗುವುದನ್ನು ನಿಲ್ಲಿಸಿದಳು.

“ಅಕಿ ಓಗೊಡಂಗಿಲ್ಲ,” ಎಂದಳು. “ಸಾಲ್ಯಾಗ ಪ್ರಾಕ್ಟೀಸ್ ಮಾಡಸ್ತಾರ, ಯಾರರೆ ಗನ್ ಹಿಡದು ಒಳಗ ಬಂದ್ರ ಅಂತ. ಗನ್ ಸಪ್ಪಳ ಕೇಳಿದ್ರ ಅಡಗಿ ಕೂಡಬೇಕು, ಯಾರು ಕರದ್ರೂ ಮಾತಾಡಬಾರ್ದು. ಅಮ್ಮ ಕರದ್ರೂ. ಬಾಗಲಾ ತೆಗಸ್ಲಿಕ್ಕೆ ಯಾರರೆ ಸುಳ್ಳ ಕರೀಬಹುದು ಅಂತ. ಸ್ನಾನಾ ಮಾಡಸೋವಾಗ ನನಗ ಹೇಳಿದ್ಲು.”

ಅವಳಿಗೆ ನಮ್ಮ ಕೂಗು ಕೇಳಿಸುತ್ತಿರಬಹುದು. ನಾವು ‘ಸೇಫ್’ ಎಂದಷ್ಟೂ ಅವಳು ಇನ್ನಷ್ಟು ಮುದುರಿಕೊಳ್ಳುತ್ತಿರಬಹುದು. ಹುಡುಕುವವರು ನಾವೇ, ಅವಳು ಹೆದರಿರುವುದೂ ನಮಗೇ. ಅಥವಾ ಅವಳು ಕೆರೆಯ ಕಡೆ ಓಡಿದ್ದರೆ, ಈ ಮೌನವೂ ಆ ಮೌನವೂ ಒಂದೇ ಥರ ಇರುತ್ತವೆ. ಆ ವಾಕ್ಯವನ್ನು ನಾನು ಆವತ್ತು ಯಾರ ಮುಂದೆಯೂ ಆಡಲಿಲ್ಲ.

ವಸುಧಾ ಕೆರೆಯ ಕಡೆ ಓಡಿದಳು. ನಾನೂ ಅಕ್ಕನೂ ಚರ್ಚಿಗೆ ಹೋದೆವು. ದಪ್ಪ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಲ್ಲಿನ ತಣ್ಣಗಿನ ಕತ್ತಲೆ, ಶತಮಾನಗಳ ಹಿಂದೆ ಸತ್ತವರ ಹೆಸರು ಕೊರೆದ ನೆಲ. ಆ ಹೆಸರುಗಳನ್ನು ತುಳಿಯುತ್ತ ಬೆಂಚುಗಳ ಕೆಳಗೆಲ್ಲ ಬಗ್ಗಿ ನೋಡಿದೆ. “ನಿಧಿ, ಇಟ್ಸ್ ಡ್ಯಾಡಿ.” ನನ್ನ ದನಿ ನನಗೇ ಸುಳ್ಳುಗಾರನ ದನಿಯಂತೆ ಕೇಳಿಸಿತು.

ಅಕ್ಕ ಒಂದು ಬೆಂಚಿನ ಮೇಲೆ ಕುಸಿದು ಕೂತರು. ಆಮೇಲೆ ಯಾರಿಗೂ ಅಲ್ಲದ ಹಾಗೆ, ಅಡಿಗೆಮನೆಯಿಂದ ಮಾತಾಡುವವರ ಹಾಗೆ ಶುರುಮಾಡಿದರು.

“ನೋಡವಾ ನಿಧಿ, ನನ್ನ ಮೊಣಕಾಲು ಸತ್ತ ಹೋದ್ವು. ನಾ ಇನ್ನ ಹುಡಕೂದಿಲ್ಲ. ರೊಟ್ಟಿ ಬಡದು ಇಟ್ಟು ಬಂದೇನಿ. ಶೇಂಗಾ ಚಟ್ನಿ ಅದ, ಮೊಸರು ಅದ. ನೀ ಬರಲಿಲ್ಲಂದ್ರ ನಿಮ್ಮಪ್ಪನಽ ಎಲ್ಲಾ ತಿಂದು ಮುಗಸ್ತಾನ. ಮೈಸೂರವರಿಗೆ ರೊಟ್ಟಿ ತಿನ್ನಲಿಕ್ಕೆ ಬರೂದಿಲ್ಲ ಅಂತಾರ, ಸುಳ್ಳು. ನಿನ್ನೆ ನೋಡಿದ್ಯೋ ಇಲ್ಲೋ?”

ಮೂಲೆಯಲ್ಲಿ, ಹಾಡುವವರ ನಿಲುವಂಗಿಗಳನ್ನು ತೂಗುಹಾಕುವ ಬೀರುವಿನ ಬಾಗಿಲು ಕಿರುಗುಟ್ಟಿತು.

ಅವಳನ್ನು ಎತ್ತಿಕೊಂಡಾಗ ಮೈಗೆಲ್ಲ ಮೇಣದ, ಬಟ್ಟೆಯ ವಾಸನೆ. ಸದ್ದು ಬಾರದಿರಲೆಂದು ಅಂಗಿಯ ತೋಳನ್ನು ಕಚ್ಚಿ ಹಿಡಿದಿದ್ದಳು. ಅದು ತೊಯ್ದುಹೋಗಿತ್ತು. ಅಕ್ಕ ಬಾಗಿಲಿಗೆ ಓಡಿ ವಸುಧಾಳನ್ನು ಕೂಗಿದರು. ನಿಧಿ ಅಳಲಿಲ್ಲ. ಇಂಗ್ಲಿಷಿನಲ್ಲಿ, ನಮಗೆ ಪಾಠ ಹೇಳುವವಳಂತೆ ಹೇಳಿದಳು: “ಕೆಟ್ಟವರಿಗೂ ‘ಇಟ್ಸ್ ಸೇಫ್’ ಅನ್ನೋಕೆ ಬರುತ್ತೆ. ದೊಡ್ಡಮ್ಮನ ಥರ ಬಯ್ಯೋಕೆ ಬರಲ್ಲ.”

ಆಮೇಲೆ ಕೋಟೆ ನೋಡಿದೆವು, ಪಾಳುಬಿದ್ದ ಮಠ ನೋಡಿದೆವು. ಫೋಟೋಗಳಲ್ಲಿ ಎಲ್ಲರೂ ನಗುತ್ತಿದ್ದೇವೆ. ಆ ಜಾಗಗಳ ಚರಿತ್ರೆ ಕೇಳಿದರೆ ನನಗೆ ನೆನಪಿಲ್ಲ. ಎಲ್ಲೆಲ್ಲಿ ಬಾಗಿಲಿತ್ತು ಎಂದು ಕೇಳಿ, ಹೇಳುತ್ತೇನೆ. ಇಲ್ಲಿಗೆ ಮರಳಿದ ಮೇಲೂ ಅದು ಬಿಡಲಿಲ್ಲ. ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಪೇರ್‌ಲ್ಯಾಂಡಿನ ದೇವಸ್ಥಾನಕ್ಕೆ ಹೋದರೂ ಕೈಮುಗಿಯುವ ಮೊದಲು ಕಣ್ಣು ಒಂದು ಸುತ್ತು ಹಾಕಿ ಬರುತ್ತದೆ.

ಶನಿವಾರ ಮನೆಗೆ ಬಂದು ಬೀರುವಿನ ವಿಷಯ ಹೇಳಿದೆ. ನಿಧಿಗೆ ಈಗ ಹತ್ತು. ಹಳ್ಳಿ ಅಷ್ಟಾಗಿ ನೆನಪಿಲ್ಲ, ಬಟ್ಟೆಗಳ ನಡುವೆ ಕೂತದ್ದು ನೆನಪಿದೆ ಎಂದಳು. ಪೆನ್ಸಿಲ್ ತಿರುಗಿಸುತ್ತ ಒಂದು ಪ್ರಶ್ನೆ ಕೇಳಿದಳು. ಕನ್ನಡದಲ್ಲೇ ಕೇಳಿದಳು, ತಡವರಿಸುತ್ತ:

“ಅಪ್ಪ, ಇಲ್ಲಿ, ಸ್ಕೂಲಲ್ಲಿ ನಾನು ಹಾಗೆ ಕೂತ್ಕೊಂಡ್ರೆ ನೀವು ಏನಂತ ಕರೀತೀರ? ಈಗ್ಲೇ ಹೇಳಿ.”

ಹಾಗೆಲ್ಲ ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ವಸುಧಾ ಒಲೆ ಆರಿಸಿ ಬಂದು ಕೂತಳು. ಮೂವರೂ ಮೇಜಿನ ಸುತ್ತ ಕೂತು ಒಂದು ವಾಕ್ಯ ಆರಿಸಿದೆವು. ಸಾಧಾರಣ ವಾಕ್ಯ, ಯಾವ ಮನೆಯಲ್ಲಾದರೂ ಆಡುವಂಥದು. ನಿಧಿ ಕಣ್ಣು ಮುಚ್ಚಿ, ನನ್ನ ದನಿಯಲ್ಲಿ ಒಮ್ಮೆ, ಅಮ್ಮನ ದನಿಯಲ್ಲಿ ಒಮ್ಮೆ ಕೇಳಿಸಿಕೊಂಡಳು. ಸಾಕು ಎಂದು ತಲೆಯಾಡಿಸಿದಳು.

ಓದುಗರಿಗೆ ತಿಳಿಯಬೇಕಾದದ್ದನ್ನು ಬಿಡಬಾರದು ಎಂದು ಡೆಸ್ಕಿನಲ್ಲಿ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ. ಆ ಒಂದು ವಾಕ್ಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.