ಎರಡನೆಯದಕ್ಕೆಂದು ಇಟ್ಟ ಅಂಗಿ

ನಮ್ಮ ಕರಾವಳಿಯ ಕಡೆ ಆಗ ತಾನೇ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ತೊಡಿಸುವುದಿಲ್ಲ. ಚೆನ್ನಾಗಿ ಬೆಳೆದ ಇನ್ನೊಂದು ಮಗುವಿನ ಹಳೆಯ ಅಂಗಿಯನ್ನೇ ಮೊದಲು ಹಾಕುವುದು. ಮಗಳು ಹಾಕಿ ಬಿಟ್ಟ ಬಿಳಿ ಅಂಗಿಯನ್ನು ಎರಡನೆಯದಕ್ಕೆಂದು ಅರಬ್ ದೇಶದ ಅಲ್ ಐನ್‌ನ ನಮ್ಮ ಪುಟ್ಟ ಫ್ಲಾಟಿನ ಕಪಾಟಿನಲ್ಲಿ ಎತ್ತಿಟ್ಟಿದ್ದೆ. ಅದು ಅಲ್ಲಿ ಕೂತದ್ದೇ ಕಡಿಮೆ. ಪರಿಚಯದ ಯಾರಿಗೆ ದಿನ ತುಂಬಿದರೂ ಕೇಳಿ ಒಯ್ಯುತ್ತಿದ್ದರು, ಒಗೆದು ಇಸ್ತ್ರಿ ಹಾಕಿ ಹಿಂದೆ ಕೊಡುತ್ತಿದ್ದರು.

ನಾನು ಹೆರಿಗೆ ವಾರ್ಡಿನ ನರ್ಸ್. ದಿನವಿಡೀ ಪರರ ಮಕ್ಕಳನ್ನು ಎತ್ತುವುದೇ ಕೆಲಸ. ಅಲ್ಲಿಯ ಅರಬ್ ಅಜ್ಜಿಯರು ನಿನಗೆಷ್ಟು ಎಂದು ಕೇಳಿ, ಒಂದೇ ಎಂದರೆ ನನ್ನ ಕೆನ್ನೆ ಸವರುತ್ತಿದ್ದರು. ಅಮ್ಮ ಫೋನಿನಲ್ಲಿ, "ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?" ಎನ್ನುತ್ತಿದ್ದಳು. ದೂರದ ಮದೀನತ್ ಜಾಯೆದ್‌ನ ಗ್ಯಾಸ್ ಕಂಪನಿಯ ಕ್ಯಾಂಪಿನಿಂದ ವಾರದ ಕೊನೆಗೆ ಬರುವ ಗಂಡನದು ಒಂದೇ ಮಾತು: "ಸ್ವಲ್ಪ ದೊಡ್ಡ ಮನೆ ಆಗ್ಲಿ ಮಾರಾಯ್ತಿ, ಬರುವ ವರ್ಷ ನೋಡುವ." ಆ ಬರುವ ವರ್ಷ ಬರಲೇ ಇಲ್ಲ.

ಒಮ್ಮೆ ಅವನ ಗೆಳೆಯರು ಊಟಕ್ಕೆ ಬಂದಿದ್ದರು. ಕೋರಿರೊಟ್ಟಿ ಮುರಿಯುತ್ತ ವಾದ ಶುರುವಾಯಿತು.

"ಜನ ಹೆಚ್ಚಾದ್ರೇ ದೇಶ ಉದ್ಧಾರ," ಎಂದ ಒಬ್ಬ.

"ಹಾಗಾದ್ರೆ ನಾವೆಲ್ಲ ಊರು ಬಿಟ್ಟು ಬಂದದ್ದು ಎಂತಕ್ಕೆ ಮಾರಾಯ?" ಎಂದ ಇನ್ನೊಬ್ಬ.

ನನ್ನ ಗಂಡ ನಕ್ಕ. "ಇಲ್ಲಿ ಹೆತ್ತೇ ಜನ ಹೆಚ್ಚಾಗ್ಬೇಕಂತ ಇಲ್ಲ. ಬೇಕಾದಷ್ಟು ಜನಕ್ಕೆ ವೀಸಾ ಕೊಟ್ಟು ತರಿಸ್ತಾರೆ. ಕೆಲಸ ಮುಗೀತಾ, ಖಲಾಸ್, ಊರಿಗೆ."

ನಾನು ಸಾರಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದೆ. "ದೇಶಕ್ಕೆ ಬೇಕಾ ಬೇಡ್ವಾ ಅಂತ ಇಷ್ಟು ಹೊತ್ತು ಮಾತಾಡ್ತೀರಲ್ಲ. ನನಗೆ ಬೇಕಿತ್ತು. ಅದನ್ನು ಯಾರಾದ್ರೂ ಕೇಳಿದ್ರಾ?"

ಗಂಡ ಗೆಳೆಯರ ತಟ್ಟೆಗೆ ಸಾರು ಬಡಿಸತೊಡಗಿದ. ಒಳಕೋಣೆಯಿಂದ ಮಗಳು, "ವಾಟ್ ಹ್ಯಾಪನ್ಡ್, ಅಮ್ಮಾ?" ಎಂದಳು. ಏನಿಲ್ಲ ಓದಿಕೋ ಎಂದೆ.

ಅದಾಗಿ ವರ್ಷಗಳು ಕಳೆದವು. ದೊಡ್ಡ ಮನೆಯೂ ಆಯಿತು, ಒಂದು ಕೋಣೆ ಖಾಲಿಯೇ ಇದೆ. ಹೋದ ತಿಂಗಳು ನಮ್ಮ ಡಾಕ್ಟರಮ್ಮ ನನ್ನ ರಿಪೋರ್ಟ್ ನೋಡಿ, ಮುಟ್ಟು ನಿಂತಾಗಿದೆ, ಇನ್ನು ಆ ಆಸೆ ಬೇಡ ಎಂದರು. ಆಸೆಯೇನು ಹೇಳಿದ ಮಾತು ಕೇಳುತ್ತದೆಯೇ? ಈಗಲೂ ವಾರ್ಡಿನಲ್ಲಿ ಮಗುವನ್ನು ತಾಯಿಯ ಕೈಗಿಡುವ ಮೊದಲು ಒಂದು ಗಳಿಗೆ ಹೆಚ್ಚೇ ಎದೆಗೊತ್ತಿಕೊಳ್ಳುತ್ತೇನೆ.

ನಿನ್ನೆ ನನ್ನ ಜೊತೆ ಕೆಲಸ ಮಾಡುವ ಕುಂದಾಪುರದ ಹುಡುಗಿ ಅಂಗಿ ಕೇಳಲು ಬಂದಳು. ಅವಳಿಗೆ ಇದು ಚೊಚ್ಚಲು.

"ಹಾಕಿ ಆದ ಕೂಡ್ಲೆ ಒಗ್ದು ತಂದ್ ಕೊಡ್ತೆ ಅಕ್ಕಾ," ಎಂದಳು.

ಅಂಗಿಯನ್ನು ಮೂಗಿಗೆ ಹಿಡಿದೆ. ಮಗಳ ವಾಸನೆ ಎಂದೋ ಹೋಗಿತ್ತು, ಯಾರದೋ ಮನೆಯ ಸೋಪಿನ ವಾಸನೆ ಬಂತು.

"ಹಿಂದೆ ತರುವುದು ಬೇಡ ಮಾರಾಯ್ತಿ," ಎಂದೆ. "ನಿನ್ನ ಎರಡನೆಯದಕ್ಕೆ ಇಟ್ಟುಕೋ."